ಯಾವ ಪಟ್ಟಿ ಕಟ್ಟಿದ್ರಿ?

ರಕ್ತದ ಒತ್ತಡ ನೋಡುವ ಕೈಪಟ್ಟಿಯ ಗಾಳಿ ಬಿಡುವಾಗ ನರ್ಸಬಾಯಿಯ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಪಾದರಸದ ಮೇಲೆ, ಕಿವಿಯಲ್ಲಿ ಸ್ಟೆಥಾಸ್ಕೋಪು, ಕೆಳತುಟಿ ಹಲ್ಲಿನ ಅಡಿಯಲ್ಲಿ. ಒಳಗೆ ನಾಡಿಯ ಸದ್ದು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಕೇಳಿಸಿಕೊಳ್ಳುವ ಆ ಅರ್ಧ ನಿಮಿಷದಲ್ಲಿ ಯಾರಾದರೂ ಕೆಮ್ಮಿದರೆ ಮುಗಿಯಿತು. ಪಟ್ಟಿ ಬಿಚ್ಚಿ, ಗಾಳಿಯೆಲ್ಲ ಹಿಂಡಿ, ಮೊದಲಿನಿಂದ ಶುರುಮಾಡುತ್ತಿದ್ದರು. ಕೆಮ್ಮಿದವನಿಗೆ ಬೈಗುಳ ಬೇರೆ.

ರೋಣ ತಾಲೂಕಿನ ಒಂದು ಸಣ್ಣ ಸರಕಾರಿ ದವಾಖಾನೆ ಅದು. ಊರಿನ ಹೆಸರು ಬೇಡ. ಐವತ್ತರ ದಶಕದ ನಡುವೆ ನಾನು ಅಲ್ಲಿಗೆ ಡಾಕ್ಟರಾಗಿ ಹೋದೆ. ಹೊಸದಾಗಿ ಪಾಸಾದವನು, ಧಾರವಾಡದ ಪೇಟೆಯಲ್ಲಿ ಬೆಳೆದವನು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರು ಅಲ್ಲಿಯ ನರ್ಸು. ನರಗುಂದದವರು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹುಬ್ಬಳ್ಳಿಗೆ ಹೋಗಿ ನರ್ಸಿನ ಕೆಲಸ ಕಲಿತವರು, ನಲವತ್ತು ದಾಟಿದವರು. ಊರೆಲ್ಲ ಅವರನ್ನು ನರ್ಸಬಾಯಿ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಮೂರು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು. ಅದರಲ್ಲಿ ನಾನು ಅವರ ಮೇಲೆ ಸಿಟ್ಟಾಗದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು.

ಸಿಟ್ಟಿಗೆ ಕಾರಣ ಅವರ ನಿಧಾನ. ಒಬ್ಬರ ರಕ್ತದ ಒತ್ತಡ ನೋಡಬೇಕೆಂದರೆ ಅವರಿಗೆ ಒಂದು ಶಾಸ್ತ್ರವೇ ಇತ್ತು. ಬಂದವರು ಮೊದಲು ಬಾಯಲ್ಲಿದ್ದ ತಂಬಾಕು ಉಗುಳಬೇಕು. ಹಿತ್ತಿಲ ಕಡೆ ಹೋಗಿ ಬರಬೇಕು. ಬೆಂಚಿನ ಮೇಲೆ ಕುಕ್ಕರಗಾಲಿನಲ್ಲಿ ಕೂತವರು ಕಾಲು ಕೆಳಗಿಳಿಸಿ ಬೆನ್ನನ್ನು ಗೋಡೆಗೆ ಹಚ್ಚಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂಡಬೇಕು. ನಮ್ಮ ಜನಕ್ಕೆ ಬೇಕಾದರೆ ಎರಡು ಹೊತ್ತು ಉಪವಾಸ ಇರಲು ಹೇಳಿ, ಇರುತ್ತಾರೆ. ಐದು ನಿಮಿಷ ಮಾತಿಲ್ಲದೆ ಕೂಡಲು ಹೇಳಬೇಡಿ. ಒಬ್ಬ ಮುದುಕ ಗಾಬರಿಯಿಂದ ಪಕ್ಕದವನ ಕಿವಿಯಲ್ಲಿ ಕೇಳಿದ್ದ: "ಯಾರರ ಸತ್ತಾರೇನೋ?"

ಹೆಣ್ಣುಮಕ್ಕಳದು ಇನ್ನೊಂದು ತಾಪತ್ರಯ. ಖಣದ ಕುಪ್ಪಸದ ತೋಳು ಬಿಗಿಯಾಗಿರುತ್ತಿತ್ತು. ಅದನ್ನೇ ಮೇಲಕ್ಕೆ ಸುತ್ತಿ ಪಟ್ಟಿ ಕಟ್ಟಿಬಿಟ್ಟರೆ ನನ್ನ ಕೆಲಸ ಎರಡು ನಿಮಿಷದ್ದು. ನರ್ಸಬಾಯಿ ಬಿಡುತ್ತಿರಲಿಲ್ಲ. "ತೋಳು ಮದಲ ಬಿಗದೈತ್ರಿ, ಅದರ ಮ್ಯಾಲೆ ನಾವು ಬಿಗಿಯೋದಂದ್ರ ಏನ ತಿಳೀತೈತಿ?" ಎಂದು ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆದುಕೊಂಡು ಹೋಗಿ ತೋಳು ಬಿಡಿಸುತ್ತಿದ್ದರು. ಹೊರಗೆ ಸಾಲು ಬೆಳೆಯುತ್ತಿತ್ತು. ಒಳಗೆ ನನ್ನ ಸಿಟ್ಟು ಬೆಳೆಯುತ್ತಿತ್ತು.

ಇದರ ಮೇಲೆ ಜನರಿಗೆ ಪಟ್ಟಿ ಕಟ್ಟಿಸಿಕೊಳ್ಳುವುದೇ ಒಂದು ಔಷಧ ಎಂಬ ನಂಬಿಕೆ. ಕಳೆ ತೆಗೆದು ಭುಜ ಹಿಡಿದುಕೊಂಡವರೂ ಅದಕ್ಕಾಗಿ ಬರುತ್ತಿದ್ದರು. "ಈ ಕೈಗೆ ಕಟ್ಟೀರಿ, ಆ ಕೈ ಏನ ಪಾಪ ಮಾಡೇತ್ರಿ? ಅದಕ್ಕೂ ಒಂದೀಟು ಕಟ್ರಿ, ಹಗೂರಾಗಲಿ" ಎನ್ನುತ್ತಿದ್ದರು. ನಾನು ಗದರಿಸಿ ಕಳಿಸುತ್ತಿದ್ದೆ. ನರ್ಸಬಾಯಿ ಕೂಡಿಸಿ ಹೇಳುತ್ತಿದ್ದರು: "ಇದು ಔಷಧ ಅಲ್ಲವ್ವಾ, ಅಳತಿ. ನಿಮ್ಮ ಎದ್ಯಾಗ ಒಂದು ಎತ್ತು ಐತಿ ಅಂತ ತಿಳೀರಿ. ಅದು ಎಳದಾಗ ಹಗ್ಗ ಎಷ್ಟು ಬಿಗೀತೈತಿ, ಅದು ಮ್ಯಾಲಿನ ಅಂಕಿ. ನಿಂತಾಗ ಎಷ್ಟು ಬಿಗಿ ಉಳೀತೈತಿ, ಅದು ಕೆಳಗಿನ ಅಂಕಿ. ನಿಂತಾಗೂ ಹಗ್ಗ ಬಿಗೀನ ಇತ್ತಂದ್ರ ಆ ಎತ್ತಿಗೆ ದಣಿವು ಆರೂದ ಇಲ್ಲ." ಐದು ವರ್ಷ ವೈದ್ಯಕೀಯ ಓದಿದ ನನಗೆ ಇಷ್ಟು ಸಲೀಸಾಗಿ ಹೇಳಲು ಬರುತ್ತಿರಲಿಲ್ಲ. ಅದೂ ಒಂದು ಸಿಟ್ಟು.

ಒಮ್ಮೆ ಚಿಕ್ಕನರಗುಂದದ ಕಡೆಯ ಗೌಡರೊಬ್ಬರು ಟಾಂಗಾದಿಂದ ಇಳಿದವರೇ ಸಾಲು ದಾಟಿ ಒಳಗೆ ಬಂದು ತೋಳು ಚಾಚಿದರು. ಹೊಲದ ವ್ಯಾಜ್ಯದ ಕಥೆ ಹೇಳುತ್ತಲೇ ಇದ್ದರು. ನಾನು ಪಟ್ಟಿ ಕಟ್ಟಿ ನೋಡಿದೆ: ನೂರಾ ಎಂಬತ್ತು. ಗುಳಿಗೆ ಬರೆಯಲು ಪೆನ್ನು ತೆಗೆದೆ. ನರ್ಸಬಾಯಿ ಅಡ್ಡ ಬಂದರು. "ಗೌಡ್ರ, ಹಿತ್ತಲಕ ಹೋಗಿ ಬರ್ರಿ. ಬಂದು ಬಾಯಿ ಮುಚ್ಚಿ ಕುಂಡರ್ರಿ." ಗೌಡರಿಗೆ ಹಾಗೆ ಹೇಳಿದವರು ಆ ಸೀಮೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಆದರೂ ಹೋದರು, ಬಂದರು, ಕೂತರು. ಎರಡನೆಯ ಸಲ ನೂರಾ ಐವತ್ತು, ಮೂರನೆಯ ಸಲವೂ ಅಷ್ಟೇ. ನಾನು ಬರೆಯಬೇಕೆಂದಿದ್ದ ಗುಳಿಗೆ ಆ ಮನುಷ್ಯನಿಗೆ ಜಾಸ್ತಿಯಾಗುತ್ತಿತ್ತು. ಗೌಡರಿಗೆ ಅರ್ಥವಾದದ್ದೇ ಬೇರೆ. "ಬರೇ ಮುಟ್ಟಿದ್ದಕ್ಕ ಮೂವತ್ತು ಇಳೀತು! ನರ್ಸಬಾಯಾರ ಕೈಗುಣ ಅಂದ್ರ ಕೈಗುಣ!" ಎಂದು ಊರಿಗೆಲ್ಲ ಸಾರಿದರು. ಮರುವಾರದಿಂದ ನನ್ನ ಮುಂದೆ ಯಾರೂ ತೋಳು ಚಾಚಲಿಲ್ಲ.

"ಯಂತ್ರದ ಲೆಕ್ಕಾನ ಸರಿ ಇಲ್ಲ," ಎಂದು ನಾನು ಗೊಣಗಿದೆ.

"ಯಂತ್ರ ಸುಳ್ಳ ಹೇಳಂಗಿಲ್ರಿ ಸಾಹೇಬ್ರ. ಕಟ್ಟಾವರು ಹೇಳಸ್ತಾರ. ಒಮ್ಮೆ ನೋಡಿದ್ದು ಗಾಳಿಸುದ್ದಿ, ಎರಡ ಸಲ ನೋಡಿದ್ದು ಖರೇ," ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮುಖಕ್ಕೆ ಹೇಳಲಿಲ್ಲ, ಅಷ್ಟೇ.

ನಮ್ಮಲ್ಲಿ ಇದ್ದದ್ದು ದೊಡ್ಡವರ ತೋಳಿಗೆ ಕಟ್ಟುವ ಅಗಲದ ಪಟ್ಟಿ ಒಂದೇ. ಮಕ್ಕಳ ತೋಳಿಗೆ ಅದನ್ನು ಸುತ್ತಿದರೆ ಭುಜದಿಂದ ಮೊಣಕೈವರೆಗೆ ಮುಚ್ಚಿ ಹೋಗುತ್ತಿತ್ತು. ಅಗಲದ ಪಟ್ಟಿ ಸಣ್ಣ ತೋಳಿಗೆ ಕಟ್ಟಿದರೆ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ ಎಂದು, ಬಂದ ಹೊಸತರಲ್ಲಿ ಪಾಂಡಿತ್ಯ ತೋರಿಸಲು ನಾನೇ ಅವರಿಗೆ ಹೇಳಿದ್ದೆ. ಹೇಳಿ ಮರೆತೆ. ಅವರು ಮರೆಯಲಿಲ್ಲ. "ಅಂದ್ರ ಕರುವಿಗೆ ಎತ್ತಿನ ನೊಗ ಹಾಕಿದಂಗಾತು. ಸಣ್ಣ ಪಟ್ಟಿ ತರಸ್ರಿ," ಎಂದು ಬೆನ್ನು ಹತ್ತಿದರು.

ಬೇಡಿಕೆ ಪತ್ರ ಕಳಿಸಿದೆವು. ಆಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಪತ್ರ ಮೇಲೇರುತ್ತಿದ್ದಾಗಲೇ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಕಚೇರಿಯವರು ಹೊಸಬರನ್ನು ಕೇಳಿ ಎಂದರು. ಹೊಸ ಕಚೇರಿಯವರು ಮೂಲ ಪತ್ರ ಎಲ್ಲಿ ಎಂದರು. ಮೂಲ ಪತ್ರ ಹಳೆಯವರ ಹತ್ತಿರ ಇತ್ತು. ಮತ್ತೆ ಬರೆದೆವು, ನೆನಪಿನ ಪತ್ರ ಬರೆದೆವು, ನೆನಪಿನ ಪತ್ರವನ್ನು ನೆನಪಿಸುವ ಪತ್ರ ಬರೆದೆವು. ಒಂದು ಮೊಳ ಬಟ್ಟೆ, ಒಂದು ತುಂಡು ರಬ್ಬರು! ಈಗ ನೆನೆದರೂ ಹಲ್ಲು ಕಡಿಯುತ್ತೇನೆ.

ಕಡೆಗೆ ನರ್ಸಬಾಯಿ ಸೈಕಲ್ ದುರಸ್ತಿಯವನ ಅಂಗಡಿಗೆ ಹೋದರು. ಹಳೆಯ ಟ್ಯೂಬಿನ ಒಂದು ಗೇಣು ಕತ್ತರಿಸಿ, ಎರಡೂ ಬಾಯಿ ಅಂಟಿಸಿ, ನಡುವೆ ಎರಡು ಸಣ್ಣ ರಬ್ಬರ್ ನಳಿಕೆ ಕೂಡಿಸಿಕೊಂಡು ಬಂದರು. ಬಕೆಟ್ಟಿನ ನೀರಿನಲ್ಲಿ ಅದ್ದಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಎದ್ದಿತು, ಮತ್ತೆ ಅಂಗಡಿಗೆ. ಹೀಗೆ ನಾಲ್ಕು ಸಲ. ಆಮೇಲೆ ದಪ್ಪ ಮಾದರಪಾಟಿನ ಬಟ್ಟೆಯಲ್ಲಿ ಚೀಲ ಹೊಲಿದು ಅದರೊಳಗೆ ಇಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಯಂತ್ರವನ್ನು ಬಗಲಲ್ಲಿಟ್ಟುಕೊಂಡು ಕನ್ನಡ ಶಾಲೆಗೆ ಹೋಗಿ, ಬಿಡುವಿದ್ದಾಗಲೆಲ್ಲ ಗಟ್ಟಿಮುಟ್ಟಾದ ಮಕ್ಕಳ ತೋಳಿಗೆ ಕಟ್ಟಿ ವಯಸ್ಸಿನ ಮುಂದೆ ಅಂಕಿ ಬರೆದುಕೊಂಡರು. ಸಣ್ಣವರದು ತೊಂಬತ್ತು, ತೊಂಬತ್ತೈದು; ಬೆಳೆದಂತೆ ಏರುತ್ತದೆ.

"ಇದೆಲ್ಲಾ ಪುಸ್ತಕದಾಗ ಐತ್ರಿ, ಸುಮ್ನ ಯಾಕ ತಿರಗತೀರಿ?" ಎಂದೆ.

"ಪುಸ್ತಕದಾಗಿನ ಹುಡುಗರು ನಮ್ಮ ಸಾಲಿಗೆ ಬರಂಗಿಲ್ಲಲ್ರಿ," ಎಂದರು.

ಇನ್ನು ನಾನು ಹೇಳಲೇಬೇಕಾದ ದಿನದ ಮಾತು. ಮಳೆಗಾಲ. ಸಂತೆಯ ದಿನವಾದ್ದರಿಂದ ದವಾಖಾನೆ ತುಂಬಿತ್ತು. ಮುಂದಿನ ವಾರ ಮೇಲಧಿಕಾರಿ ತಪಾಸಣೆಗೆ ಬರುವವರಿದ್ದರು, ನನ್ನ ರಿಜಿಸ್ಟರುಗಳು ಅರ್ಧಕ್ಕೆ ನಿಂತಿದ್ದವು. ನರ್ಸಬಾಯಿ ನಸುಕಿನಲ್ಲೇ ಪಕ್ಕದ ಹಳ್ಳಿಗೆ ಹೆರಿಗೆಗೆಂದು ಹೋಗಿದ್ದರು. ಮೆಣಸಗಿಯಿಂದ ಸಂತೆ ಬಂಡಿಯಲ್ಲಿ ಬಂದ ಹೆಣ್ಣುಮಗಳೊಬ್ಬಳು ಐದು ವರ್ಷದ ಮಗಳನ್ನು ನನ್ನ ಮುಂದೆ ಕೂಡಿಸಿದಳು. ಮೈಮೇಲೆ ಒಣಗುತ್ತಿರುವ ಕಜ್ಜಿ. ಕಣ್ಣಿನ ಸುತ್ತ ಬಾವು. "ಮುಂಜಾನಿ ಎದ್ದಾಗ ಮುಖ ಊದಿರತೈತ್ರಿ," ಎಂದಳು.

ಕಜ್ಜಿಯ ಬೆನ್ನಿಗೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ ಎಂಬುದು ನನಗೆ ಗೊತ್ತಿತ್ತು. ತಲೆಯಲ್ಲಿ ಹೊಳೆದೂ ಇತ್ತು. ಅದಕ್ಕೇ ಒತ್ತಡ ನೋಡಿದೆ. ಸಣ್ಣ ಪಟ್ಟಿ ನರ್ಸಬಾಯಿಯ ಕಪಾಟಿನಲ್ಲಿತ್ತು, ಎದ್ದು ಹೋಗಲು ಬೇಸರ. ಮೇಜಿನ ಮೇಲಿದ್ದ ದೊಡ್ಡ ಪಟ್ಟಿಯನ್ನೇ ಎರಡು ಸುತ್ತು ಸುತ್ತಿ ಒಮ್ಮೆ ನೋಡಿದೆ. ನೂರಾ ಹದಿನಾರು, ಎಪ್ಪತ್ತೆಂಟು. ನನ್ನ ಸ್ವಂತ ಒತ್ತಡ ಇರುತ್ತಿದ್ದದ್ದೂ ಅಷ್ಟೇ. ಮನಸ್ಸು ನಿರಾಳವಾಯಿತು. "ಚಲೋ ಐತಿ, ಅಂಜಬ್ಯಾಡ," ಎಂದು ಮುಲಾಮು ಕೊಟ್ಟು ಕಳಿಸಿದೆ. ಮೂತ್ರದ ಬಣ್ಣ ಏನೆಂದು ಕೇಳಲಿಲ್ಲ. ರಿಜಿಸ್ಟರಿನಲ್ಲಿ ಅಂಕಿ ಬರೆದು ಮುಂದೆ 'ಸರಿ ಇದೆ' ಎಂದು ಬರೆದೆ.

ಹನ್ನೊಂದರ ಸುಮಾರಿಗೆ ನರ್ಸಬಾಯಿ ಬಂದರು. ಕೈ ತೊಳೆದು, ಎಂದಿನಂತೆ ರಿಜಿಸ್ಟರಿನ ಮೇಲೆ ಬೆರಳು ಆಡಿಸುತ್ತ ಬಂದು ಒಂದು ಕಡೆ ನಿಂತರು.

"ಐದು ವರ್ಷದ ಕೂಸು. ಯಾವ ಪಟ್ಟಿ ಕಟ್ಟಿದ್ರಿ?"

ನಾನು ತಲೆ ಎತ್ತಲಿಲ್ಲ. "ದೊಡ್ಡದು."

"ದೊಡ್ಡದು ಕಟ್ಟಿ ನೂರಾ ಹದಿನಾರು ಬಂತೇನ್ರಿ?"

"ಅದರಾಗ ಏನೈತಿ? ಸರಿ ಐತಲ್ಲ."

"ಯಾರಿಗೆ ಸರಿ? ಎತ್ತಿನ ಭಾರ ಕರುವಿಗೆ ಸರಿ ಏನ್ರಿ? ಆ ವಯಸ್ಸಿಗೆ ಅಷ್ಟಿರೂದ ಹೆಚ್ಚು. ಅದೂ ದೊಡ್ಡ ಪಟ್ಟಿ ಕಡಿಮಿ ತೋರಿಸಿ ಅಷ್ಟು. ಖರೇ ಎಷ್ಟಿದ್ದೀತು? ನೀವ ಹೇಳಿಕೊಟ್ಟಿದ್ರಿ, ಸಾಹೇಬ್ರ!"

ಮೈಯೆಲ್ಲ ಉರಿದುಹೋಯಿತು. ಆ ಉರಿ ಅವರ ಮೇಲಿನದೋ ನನ್ನ ಮೇಲಿನದೋ ತಿಳಿಯುವ ಮೊದಲೇ ಅವರು ಟಾಂಗಾದವನನ್ನು ಕೂಗುತ್ತಿದ್ದರು. ತಾಯಿ ಮಗಳು ಸಂತೆಗೂ ನಿಲ್ಲದೆ ಆಗಲೇ ಊರಿಗೆ ಮರಳಿದ್ದರು. ಉಳಿದವರಿಗೆ ನಾಳೆ ಬರಲು ಹೇಳಿ ಬಾಗಿಲು ಹಾಕಿದೆವು. ಎರಿ ಮಣ್ಣಿನ ದಾರಿ ಮಳೆಗೆ ಹುಳಿಹಿಟ್ಟಿನಂತಾಗಿತ್ತು. ಎರಡು ಕಡೆ ಗಾಲಿ ಹೂತು, ಇಳಿದು ನೂಕಿದೆವು. ನರ್ಸಬಾಯಿಯ ಬಿಳಿ ಸೀರೆ ಮೊಣಕಾಲವರೆಗೆ ಕಪ್ಪಾಯಿತು.

ಮೆಣಸಗಿ ಮುಟ್ಟಿದಾಗ ಹೊತ್ತು ಇನ್ನೂ ಮೇಲಿತ್ತು. ಕೂಸು ಎರಡು ಸಲ ವಾಂತಿ ಮಾಡಿಕೊಂಡು, ತಲೆ ಹಿಡಿದುಕೊಂಡು ಅಳುತ್ತಿತ್ತು. ನಾನು ಲಗುಬಗೆಯಿಂದ ಪಟ್ಟಿ ಕಟ್ಟಲು ಹೋದರೆ ನರ್ಸಬಾಯಿ ಕೈ ಹಿಡಿದು ನಿಲ್ಲಿಸಿದರು. "ಅಳು ನಿಲ್ಲಲಿ." ಅಲ್ಲಿಯೂ ಅದೇ ನಿಧಾನ! ಕೂಸಿನ ಕೈಗೆ ರಬ್ಬರಿನ ಉಂಡೆ ಕೊಟ್ಟು "ನೀನ ಒತ್ತವ್ವಾ, ಪಾದರಸ ಹ್ಯಾಂಗ ಏರತೈತಿ ನೋಡು" ಎಂದು ಆಡಿಸಿದರು. ಬಿಕ್ಕು ತಗ್ಗಿತು. ಆಗ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದರು. ಎಡಗಣ್ಣು ಮುಚ್ಚಿತು. ಒಮ್ಮೆ ನೋಡಿ, ಬಿಚ್ಚಿ, ಮತ್ತೆ ನೋಡಿದರು. ಮೇಲಿನ ಅಂಕಿ ನೂರಾ ಐವತ್ತು ದಾಟಿತ್ತು, ಕೆಳಗಿನದು ನೂರು. ಆ ಸಣ್ಣ ದೇಹಕ್ಕೆ ಯಾವ ಗಳಿಗೆಯಲ್ಲಾದರೂ ಫಿಟ್ಸಿನ ಝಟಕೆ ಬರಬಹುದಾಗಿತ್ತು. ತಾಯಿಯನ್ನು ಕೇಳಿದರು. ಮೂತ್ರ ಮೂರು ದಿನದಿಂದ ಕಪ್ಪು ಚಹಾದ ಬಣ್ಣವಂತೆ.

ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯಬೇಕು ಎಂದೆ. ಕೂಸಿನ ಅಜ್ಜಿ ಹೊಸ್ತಿಲಿಗೆ ಅಡ್ಡ ಕೂತಳು. "ಮುಂಜಾನಿ ನೀವ ಚಲೋ ಐತಿ ಅಂದ್ರಂತ. ಈಗ ಕೆಟ್ಟೈತಿ ಅಂತೀರಿ. ಯಾವ ಮಾತು ಹಿಡಿಯೋಣ್ರಿ?"

ನನ್ನದೇ ಮಾತು ಬಾಗಿಲಿಗೆ ಅಗಳಿ ಹಾಕಿತ್ತು. ತಪ್ಪಿದೆ ತಾಯಿ ಎಂದರೆ ಮುಗಿಯುತ್ತಿತ್ತು. ನಾನು ಯಂತ್ರದ ಪೆಟ್ಟಿಗೆ ಮುಚ್ಚುತ್ತ ನಿಂತೆ. ನರ್ಸಬಾಯಿ ಮುದುಕಿಯ ಪಕ್ಕದಲ್ಲಿ ಕೂತರು. "ಯವ್ವಾ, ಮುಂಜಾನಿ ಕಟ್ಟಿದ್ದು ದೊಡ್ಡವರ ಪಟ್ಟಿ. ಇದು ಮಕ್ಕಳದು, ನಾನ ಹೊಲದೀನಿ. ಇದು ಸುಳ್ಳ ಹೇಳಂಗಿಲ್ಲ. ಕೂಸಿನ ಜೋಡಿ ನಾ ಹೊಕ್ಕೀನಿ, ನಾನ ಕರ್ಕೊಂಡ ಬರ್ತೀನಿ." ಮುದುಕಿ ಎದ್ದಳು. ಹೊಳೆಆಲೂರಿನಲ್ಲಿ ರೈಲುಗಾಡಿ ಸಿಕ್ಕಿತು. ನರ್ಸಬಾಯಿ ತಾಯಿ ಮಗಳ ಜೊತೆ ಹತ್ತಿದರು. ವಾರದ ಮೇಲೆ ಒಬ್ಬರೇ ಬಂದು, "ಬಾವು ಇಳದೈತಿ. ಉಳೀತೈತಿ," ಎಂದರು. ಕೂಸು ಉಳಿಯಿತು. ಅಜ್ಜಿಗೆ ಕೊಟ್ಟ ಮಾತಿನಂತೆ ಮುಂದಿನ ತಿಂಗಳು ಮತ್ತೆ ಹೋಗಿ ಕರೆದುಕೊಂಡು ಬಂದರು.

ಹುಬ್ಬಳ್ಳಿಯಿಂದ ಒಬ್ಬರೇ ಬಂದ ಆ ದಿನವೇ ರಿಜಿಸ್ಟರು ತೆರೆದು ನನ್ನ ಮುಂದೆ ಇಟ್ಟರು. "ಆ ಕೂಸಿನ ಮುಂದ 'ದೊಡ್ಡ ಪಟ್ಟಿ' ಅಂತ ಬರೀರಿ. 'ಸರಿ ಇದೆ' ಅನ್ನೋದು ಹೊಡದ ಹಾಕ್ರಿ. ನಾಳೆ ನಿಮ್ಮ ಜಾಗಾಕ್ಕ ಬರಾವರು ಇದನ್ನ ಓದಿ ಐದು ವರ್ಷದ ಕೂಸಿಗೆ ಇಷ್ಟ ಸರಿ ಅಂತ ತಿಳಕೋತಾರ."

"ಬರೀತೀನಿ," ಎಂದೆ. ಬರೆಯಲಿಲ್ಲ. ಎರಡು ದಿನಕ್ಕೆ ತಪಾಸಣೆ ಇತ್ತಲ್ಲ.

ಅಧಿಕಾರಿ ಬಂದರು. ಸೈಕಲ್ ಟ್ಯೂಬಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಎತ್ತಿ, ಇದು ದವಾಖಾನೆಯೋ ಪಂಕ್ಚರ್ ಅಂಗಡಿಯೋ ಎಂದರು. ಸಂತೆಯ ದಿನ ಬಾಗಿಲು ಹಾಕಿಕೊಂಡು ಹೋಗಿದ್ದರ ದೂರು ಆಗಲೇ ಅವರ ಕಿವಿಗೆ ಬಿದ್ದಿತ್ತು. ಯಾಕೆ ಎಂದು ಕೇಳಿದರು. ನನ್ನ ಮುಂದೆ ರಿಜಿಸ್ಟರು ಇತ್ತು, ಆ ಪುಟವೂ ಇತ್ತು. ಒಂದು ವಾಕ್ಯ ಸಾಕಿತ್ತು. ನಾನು ಹೇಳಿದ್ದು: "ನರ್ಸಬಾಯಾರು ಹೋಗೂಣು ಅಂದ್ರು ಸರ್."

ನರ್ಸಬಾಯಿ ನನ್ನ ಕಡೆ ನೋಡಿದರು. "ಹೌದ್ರಿ. ನಾನ ಅಂದೆ," ಎಂದರು.

ಎರಡು ತಿಂಗಳಲ್ಲಿ ಅವರನ್ನು ಗಜೇಂದ್ರಗಡದ ಕಡೆ ವರ್ಗ ಮಾಡಿದರು. ಸಣ್ಣ ಪಟ್ಟಿಯನ್ನು 'ಅನಧಿಕೃತ' ಎಂದು ಬರೆದು ಬಿಸಾಡಿಸಿದರು. ಕೀಲಿಕೈ ಒಪ್ಪಿಸುವಾಗ ನರ್ಸಬಾಯಿ "ಬರೀರಿ, ಮರೀಬ್ಯಾಡ್ರಿ," ಎಂದು ಮಾತ್ರ ಹೇಳಿದರು. ನನಗೆ ನಾಚಿಕೆಗಿಂತ ಮೊದಲು ಸಮಾಧಾನವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಇನ್ನು ರಿಜಿಸ್ಟರಿನ ಮೇಲೆ ಬೆರಳು ಆಡಿಸುವವರು ಇರಲಿಲ್ಲ.

ನಾಚಿಕೆ ನಿಧಾನವಾಗಿ ಬಂತು, ಬಂದದ್ದು ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನೂ ಜನರನ್ನು ಗೋಡೆಗೆ ಬೆನ್ನು ಹಚ್ಚಿ ಕೂಡಿಸಿದೆ, ಕಾಲು ಇಳಿಸಿದೆ, ಮಾತು ನಿಲ್ಲಿಸಿದೆ, ಎರಡು ಸಲ ನೋಡಿದೆ. ನನ್ನ ಕೈಕೆಳಗಿನ ಹುಡುಗ ಡಾಕ್ಟರುಗಳು ನನ್ನ ನಿಧಾನಕ್ಕೆ ಹಲ್ಲು ಕಡಿದರು. ಮಕ್ಕಳ ಪಟ್ಟಿಯನ್ನು ಸ್ವಂತಕ್ಕೆ ತರಿಸಿಕೊಂಡು ಜೇಬಿನಲ್ಲೇ ಇಟ್ಟುಕೊಂಡೆ. ಇದೆಲ್ಲ ಅವರದೇ ವಿದ್ಯೆ. ಆದರೆ ಆ ಒಂದು ಸಾಲು ಬರೆಯಲು ಮಾತ್ರ ಆ ಊರಿಗೆ ಹಿಂದಿರುಗಲಿಲ್ಲ.

ಹದಿನೈದು ವರ್ಷದ ಮೇಲೆ ಅವರು ನರಗುಂದದ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹೋದೆ. ಗುರುತು ಸಿಗದಷ್ಟು ಸೊರಗಿದ್ದರು. ಏನು ಮಾಡಲೂ ತೋಚದೆ ಯಂತ್ರ ತೆಗೆದು ಅವರ ತೋಳಿಗೆ ಪಟ್ಟಿ ಸುತ್ತಿದೆ. ಅದು ಸುತ್ತಿದಷ್ಟೂ ಸುತ್ತುತ್ತಿತ್ತು.

"ಬ್ಯಾಡ ಬಿಡ್ರಿ," ಎಂದು ನಕ್ಕರು. "ಈಗ ನನ್ನ ತೋಳಿಗೂ ದೊಡ್ಡ ಪಟ್ಟಿ ದೊಡ್ಡದಾತು. ಏನ ಓದಿದ್ರೂ ಸುಳ್ಳ." ಆಮೇಲೆ ಕೇಳಿದರು: "ಆ ಮೆಣಸಗಿ ಕೂಸಿನ ಮುಂದ ಬರದ್ರೇನು?"

"ಬರದೀನ್ರಿ," ಎಂದೆ.

ಅವರ ಎಡಗಣ್ಣು ಮುಚ್ಚಿತು. ಆ ಕಿವಿ ಎಂತೆಂಥ ಸಣ್ಣ ಸದ್ದು ಹಿಡಿದ ಕಿವಿ! ನನ್ನ ಗಂಟಲಿನ ಸದ್ದು ಅದಕ್ಕೆ ಕೇಳದೆ ಇರುತ್ತದೆಯೇ? "ಚಲೋ ಆತು," ಎಂದರು. ಎರಡನೆಯ ಸಲ ಕೇಳಲಿಲ್ಲ. ಎಲ್ಲವನ್ನೂ ಎರಡು ಸಲ ನೋಡುತ್ತಿದ್ದವರು.

ಆ ತಿಂಗಳೇ ಹೋಗಿಬಿಟ್ಟರು. ರಿಜಿಸ್ಟರು ಹುಡುಕಿಸಿದೆ; ಹಳೆಯ ಕಾಗದದ ಜೊತೆ ಗೆದ್ದಲು ತಿಂದು ಹೋಯಿತಂತೆ. ಬರೆಯಲು ಆ ಪುಟ ಇಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ, ನರ್ಸಬಾಯಾರ.

ಮೆಣಸಗಿಯ ಕೂಸು, ವಯಸ್ಸು ಐದು. ನೂರಾ ಹದಿನಾರು, ಎಪ್ಪತ್ತೆಂಟು. ಒಂದೇ ಸಲ ನೋಡಿದ್ದು. ದೊಡ್ಡ ಪಟ್ಟಿ. ಕಟ್ಟಿದವನು ನಾನು.